ಕುದುರೆ ಎಣಿಸುವ ಮೊದಲು ಬಿಸಿ ಅಳೆಯಿರಿ

ಟರ್ಬೊ ಕಾರಿಗೆ ಟ್ಯೂನಿಂಗ್ ಮಾಡಿಸುವವರು ಕೇಳಬೇಕಾದ ಪ್ರಶ್ನೆ ‘ಎಷ್ಟು ಪವರ್ ಸಿಗುತ್ತೆ’ ಎಂಬುದಲ್ಲ

ಏಪ್ರಿಲ್ ಬಂತೆಂದರೆ ಬಳ್ಳಾರಿ ಜಿಲ್ಲೆಯ ಸರ್ಕಾರಿ ಕಚೇರಿಗಳು ಸಾಮಾನ್ಯವಾಗಿ ಬೆಳಿಗ್ಗೆ ಎಂಟಕ್ಕೇ ಬಾಗಿಲು ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಎರಡು ತಿಂಗಳ ಈ ವೇಳಾಪಟ್ಟಿಯನ್ನು ಯಾರೂ ಸೋಮಾರಿತನ ಎನ್ನುವುದಿಲ್ಲ. ನಲವತ್ತು ಡಿಗ್ರಿ ದಾಟಿದ ಬಿಸಿಲಲ್ಲಿ ಬಾಳಬೇಕಾದವರು ಕಂಡುಕೊಂಡ ದಾರಿ ಅದು. ಟರ್ಬೊ ಇರುವ ಕಾರಿನ ಬಾನೆಟ್ ಕೆಳಗೂ ಇಂಥದೇ ಒಂದು ವೇಳಾಪಟ್ಟಿ ಇರುತ್ತದೆ. ಎಂಜಿನ್ ಸೇರುವ ಗಾಳಿ ಕಾದರೆ, ಕೂಲಂಟ್ ಬಿಸಿ ಮಿತಿ ಮೀರಿದರೆ, ಎಂಜಿನ್ನಿನ ಕಂಪ್ಯೂಟರ್ ತಾನಾಗಿಯೇ ಟರ್ಬೊ ಒತ್ತಡ ಇಳಿಸುತ್ತದೆ, ಇಂಧನ ಕಡಿಮೆ ಮಾಡುತ್ತದೆ. ಗಾಡಿಗೆ ‘ಪಿಕಪ್ ಇಲ್ಲ’ ಎಂದು ನಾವು ಬೈಯುವ ಎಷ್ಟೋ ಮಧ್ಯಾಹ್ನಗಳಲ್ಲಿ ಅದು ತನ್ನನ್ನು ತಾನು ಉಳಿಸಿಕೊಳ್ಳುತ್ತಿರುತ್ತದೆ. ಸಿರಿಗೇರಿ, ಕುರುಗೋಡು, ಸಿರುಗುಪ್ಪದ ಸೀಮೆಯಲ್ಲಿ ಟರ್ಬೊ ಕಾರು ಇಟ್ಟುಕೊಂಡು ಟ್ಯೂನಿಂಗ್ ಮಾಡಿಸಲು ಹೊರಟವರು ಕುದುರೆಗಳ ಲೆಕ್ಕಕ್ಕಿಂತ ಮೊದಲು ಒಂದು ಮಾತು ಖಚಿತಪಡಿಸಿಕೊಳ್ಳಬೇಕು: ಹೊಸದಾಗಿ ಹಾಕಿಸುವ ಸಾಧನ ಎಂಜಿನ್ನಿನ ಈ ಹಿಂದೆ ಸರಿಯುವ ಬುದ್ಧಿಯನ್ನು ಉಳಿಸುತ್ತದೆಯೋ, ಕಸಿದುಕೊಳ್ಳುತ್ತದೆಯೋ? ಯಾವ ಪೆಟ್ಟಿಗೆ, ಯಾವ ಫೈಲು, ಯಾವ ಅಂಗಡಿ ಎಂಬ ಉಳಿದೆಲ್ಲ ಆಯ್ಕೆಗಳೂ ಈ ಒಂದು ಪ್ರಶ್ನೆಯ ಹಿಂದೆ ಬರುವಂಥವು.

ಟ್ಯೂನಿಂಗ್ ಬಯಕೆಯನ್ನು ಬರೀ ಶೋಕಿ ಎಂದು ತಳ್ಳಿಹಾಕುವುದು ಸರಿಯಲ್ಲ. ಬಳ್ಳಾರಿಯಿಂದ ಸಿರಿಗೇರಿ ಕ್ರಾಸ್ ಹಾದು ಸಿರುಗುಪ್ಪದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಸುಗ್ಗಿಯ ದಿನಗಳಲ್ಲಿ ಓಡಾಡಿದವರಿಗೆ ಕಾರಣ ಗೊತ್ತು. ತುಂಗಭದ್ರಾ ಕಾಲುವೆಯ ನೀರಲ್ಲಿ ಬೆಳೆದ ಭತ್ತ ಹೊತ್ತ ಟ್ರ್ಯಾಕ್ಟರ್ ಟ್ರೇಲರ್, ಹುಲ್ಲು ಹೇರಿದ ಗಾಡಿ, ಹೊಲದಿಂದ ಹೊಲಕ್ಕೆ ನಿಧಾನವಾಗಿ ಸಾಗುವ ಕಟಾವು ಯಂತ್ರ, ಅಕ್ಕಿ ಗಿರಣಿಗೆ ಹೊರಟ ಲಾರಿ, ಇವೆಲ್ಲವನ್ನೂ ಹಿಂದೆ ಹಾಕಬೇಕು. ಅಂಥ ಹೊತ್ತಿನಲ್ಲಿ ಸಣ್ಣ ಡೀಸೆಲ್ ಕಾರು ಸುಮಾರು 2,000 ಸುತ್ತು ಮುಟ್ಟುವವರೆಗೆ ಉಸಿರೇ ಎತ್ತದೆ, ಆಮೇಲೆ ಒಮ್ಮೆಲೇ ನುಗ್ಗುತ್ತದೆ. ಟರ್ಬೊದ ಈ ತಡವರಿಕೆ ಓವರ್‌ಟೇಕ್ ಮಾಡುವವರಿಗೆ ಅಪಾಯದ ಮಾತು. ಐದು ಜನ ಕೂತು, ಡಿಕ್ಕಿ ತುಂಬಿ, ಏಸಿ ಹಾಕಿಕೊಂಡು ಹೊರಟಾಗ ಕೆಳಗಿನ ಸುತ್ತುಗಳಲ್ಲಿ ಇನ್ನಷ್ಟು ಎಳೆತ ಬೇಕೆನ್ನಿಸುವುದು ನ್ಯಾಯವೇ. ಆದರೆ ಬೇಕಾದದ್ದನ್ನು ಪಡೆಯುವ ದಾರಿಗಳು ನಾಲ್ಕಾರು ಇವೆ, ಹೊರಗಿನಿಂದ ಒಂದೇ ಥರ ಕಂಡರೂ ಒಳಗಿನ ಗುಣ ಬೇರೆ ಬೇರೆ.

ಸುಳ್ಳು ಹೇಳುವ ಪೆಟ್ಟಿಗೆ, ಮನಸ್ಸು ಬದಲಿಸುವ ಫೈಲು

ಎಲ್ಲಕ್ಕಿಂತ ಅಗ್ಗದ್ದು ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ಸಿಕ್ಕಿಸುವ, ಆನ್‌ಲೈನ್‌ನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ‘ಪವರ್ ಚಿಪ್’. ಬಿಚ್ಚಿ ನೋಡಿದಾಗ ಇಂಥವುಗಳಲ್ಲಿ ಮಿನುಗುವ ದೀಪದ ಹೊರತು ಎಂಜಿನ್ನಿಗೆ ಸಂಬಂಧಿಸಿದ್ದೇನೂ ಇರದಿದ್ದ ಉದಾಹರಣೆಗಳು ಬೇಕಾದಷ್ಟಿವೆ, ಅವುಗಳ ಮಾತು ಇಲ್ಲಿಗೇ ಸಾಕು. ಎರಡನೆಯದು ಆಕ್ಸಿಲರೇಟರ್ ಪೆಡಲಿಗೆ ಜೋಡಿಸುವ ಪೆಟ್ಟಿಗೆ. ಕಾಲು ಕಾಲುಭಾಗ ಒತ್ತಿದರೆ ಅರ್ಧ ಒತ್ತಿದಂತೆ ಅದು ತೋರಿಸುತ್ತದೆ. ಒಂದು ಕುದುರೆಯೂ ಹೆಚ್ಚಾಗುವುದಿಲ್ಲ, ಹೆಚ್ಚಾದಂತೆ ಅನ್ನಿಸುತ್ತದೆ. ಮೋಸವೆನ್ನುವಂತಿಲ್ಲ, ಹಾನಿಯೂ ಕಡಿಮೆ. ಕಾಲನ್ನೇ ಇನ್ನಷ್ಟು ಒತ್ತಿದರೆ ಅದೇ ಫಲ ಪುಕ್ಕಟೆ ಸಿಗುತ್ತದೆ ಎಂಬುದಷ್ಟೇ ಅದರ ಮೇಲಿನ ತಕರಾರು.

ನಿಜವಾದ ಚರ್ಚೆ ಶುರುವಾಗುವುದು ಟ್ಯೂನಿಂಗ್ ಬಾಕ್ಸ್‌ನಿಂದ. ಕಾಮನ್ ರೈಲ್ ಡೀಸೆಲ್ ಎಂಜಿನ್ನಿನಲ್ಲಿ ಸಾವಿರ ಬಾರ್ ದಾಟುವ ಒತ್ತಡದ ಡೀಸೆಲ್ ತುಂಬಿದ ಒಂದು ಕೊಳವೆ ಇರುತ್ತದೆ, ಆ ಒತ್ತಡ ಎಷ್ಟೆಂದು ಒಂದು ಸೆನ್ಸರ್ ಕಂಪ್ಯೂಟರಿಗೆ ವರದಿ ಮಾಡುತ್ತಿರುತ್ತದೆ. ಬಾಕ್ಸ್ ಈ ಇಬ್ಬರ ನಡುವೆ ಕೂರುತ್ತದೆ. 1,400 ಬಾರ್ ಇರುವಾಗ ‘1,300 ಇದೆ’ ಎಂದು ವರದಿ ತಿದ್ದುತ್ತದೆ ಎಂದುಕೊಳ್ಳಿ. ಕೊರತೆ ತುಂಬಲು ಕಂಪ್ಯೂಟರ್ ಒತ್ತಡ ಏರಿಸುತ್ತದೆ, ನಾಜಲ್‌ಗಳಿಂದ ಹೆಚ್ಚು ಡೀಸೆಲ್ ಚಿಮ್ಮುತ್ತದೆ, ಗಾಡಿ ಎಳೆಯುತ್ತದೆ. ಪೆಟ್ರೋಲ್ ಟರ್ಬೊಗಳಲ್ಲಿ ಇದೇ ಆಟವನ್ನು ಗಾಳಿಯ ಒತ್ತಡದ ಸೆನ್ಸರ್ ಜೊತೆ ಆಡಲಾಗುತ್ತದೆ. ಹತ್ತು ನಿಮಿಷದಲ್ಲಿ ಹಾಕಬಹುದು, ಹತ್ತು ನಿಮಿಷದಲ್ಲಿ ಬಿಚ್ಚಬಹುದು. ಬಾಕ್ಸ್ ಮಾರುವವರು ಮುಂದಿಡುವ ದೊಡ್ಡ ಗುಣ ಅದು. ಆದರೆ ಬೆಲೆ ತೆರುವುದು ಬೇರೆ ಕಡೆ. ಬಹಳಷ್ಟು ಸಣ್ಣ ಕಾರುಗಳಲ್ಲಿ ಹೊಗೆಯ ಬಿಸಿ ಅಳೆಯುವ ಸೆನ್ಸರೇ ಇರುವುದಿಲ್ಲ. ಎಷ್ಟು ಡೀಸೆಲ್ ಹೋಯಿತು, ಎಷ್ಟು ಗಾಳಿ ಬಂತು ಎಂಬ ಲೆಕ್ಕದಿಂದ ಕಂಪ್ಯೂಟರ್ ಬಿಸಿಯನ್ನು ಅಂದಾಜು ಮಾಡುತ್ತದೆ. ಲೆಕ್ಕದ ಒಂದು ಅಂಕಿಯೇ ಸುಳ್ಳಾದಾಗ ಉತ್ತರವೂ ಸುಳ್ಳಾಗುತ್ತದೆ. ಟರ್ಬೊ ಸುಡುತ್ತಿರುವ ಹೊತ್ತಿಗೆ ಎಲ್ಲ ಸರಿಯಿದೆ ಎಂದು ಅದು ನಂಬಿರುತ್ತದೆ.

ರೀಮ್ಯಾಪ್ ಎಂಬುದು ಇನ್ನೊಂದು ಬಗೆ. ಇಲ್ಲಿ ಸೆನ್ಸರ್ ಹೇಳುವುದು ನಿಜವೇ, ಕಂಪ್ಯೂಟರಿನೊಳಗಿನ ಕೋಷ್ಟಕಗಳನ್ನು ಮಾತ್ರ ತಿದ್ದಿ ಬರೆಯಲಾಗುತ್ತದೆ: ಎಷ್ಟು ಸುತ್ತಿಗೆ ಎಷ್ಟು ಟಾರ್ಕ್, ಎಷ್ಟು ಒತ್ತಡ, ಎಷ್ಟು ಡೀಸೆಲ್, ಯಾವ ಕ್ಷಣದಲ್ಲಿ ಕಿಡಿ. ಒಳ್ಳೆಯ ಟ್ಯೂನರ್ ಬೇಡಿಕೆಯ ಕೋಷ್ಟಕಗಳನ್ನು ಮಾತ್ರ ಮುಟ್ಟಿ, ಬಿಸಿಯಾದಾಗ ಕಡಿತ ಮಾಡುವ ಕೋಷ್ಟಕಗಳನ್ನು ಹಾಗೇ ಬಿಡುತ್ತಾರೆ. ಕೆಟ್ಟವರು ಎಲ್ಲ ಮಿತಿಗಳನ್ನೂ ‘ಓಪನ್’ ಮಾಡಿ, ಎಚ್ಚರಿಕೆಯ ಕೋಡ್‌ಗಳನ್ನೂ ಬಂದ್ ಮಾಡಿ ಕಳಿಸುತ್ತಾರೆ. ಎರಡಕ್ಕೂ ಬಿಲ್ಲಿನಲ್ಲಿ ‘ಸ್ಟೇಜ್ 1’ ಎಂದೇ ಬರೆದಿರುತ್ತದೆ. ಇನ್ನು ಕೊನೆಯದು ಕಂಪನಿಯ ಕಂಪ್ಯೂಟರನ್ನೇ ತೆಗೆದು ಹಾಕುವ ಸ್ವತಂತ್ರ ಈಸಿಯು. ಅಮೆರಿಕದಲ್ಲಿ 2001ರ ಹೊತ್ತಿಗೆ ಹುಟ್ಟಿದ ಮೆಗಾಸ್ಕ್ವರ್ಟ್‌ನಂಥ ಕಿಟ್‌ಗಳು ಇದನ್ನು ಹವ್ಯಾಸಿಗಳ ಕೈಗೆಟುಕಿಸಿದವು. ರ‍್ಯಾಲಿ ಕಾರಿಗೆ ಇದು ಸರಿ, ಅಲ್ಲಿ ಪ್ರತಿ ಸುತ್ತಿನ ನಂತರ ಲ್ಯಾಪ್‌ಟಾಪ್ ಹಿಡಿದು ಕೂರುವ ಎಂಜಿನಿಯರ್ ಇರುತ್ತಾರೆ. ಮನೆಮಂದಿ ಓಡಾಡುವ ಇಂದಿನ ಕಾರಿನಲ್ಲಿ ಎಂಜಿನ್, ಎಬಿಎಸ್, ಏಸಿ, ಕೀಲಿಯ ಭದ್ರತೆ ಎಲ್ಲ ಒಂದೇ ಜಾಲದಲ್ಲಿ ಮಾತಾಡಿಕೊಳ್ಳುತ್ತವೆ. ಅವುಗಳ ನಡುವಿಂದ ಯಜಮಾನನನ್ನೇ ಎತ್ತಿ ಹಾಕಿದರೆ ಉಳಿದವರು ಯಾರ ಮಾತು ಕೇಳಬೇಕು?

ಬಿಸಿಲಿನ ಲೆಕ್ಕ

ಟರ್ಬೊ ಎಂದರೆ ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಒಳಬರುವ ಗಾಳಿಯನ್ನು ಒತ್ತಿ ತುಂಬುವ ಪಂಪು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ 1905ರಲ್ಲೇ ಈ ಉಪಾಯಕ್ಕೆ ಪೇಟೆಂಟ್ ಪಡೆದಿದ್ದರು. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ, ಸೈಕಲ್ ಪಂಪಿನ ತುದಿ ಮುಟ್ಟಿ ನೋಡಿದ ಮಕ್ಕಳಿಗೂ ಇದು ಗೊತ್ತು. ಎಷ್ಟು ಕಾಯುತ್ತದೆ ಎಂಬುದನ್ನು ಹತ್ತನೇ ತರಗತಿ ದಾಟಿದವರು ಲೆಕ್ಕ ಹಾಕಬಹುದು. ಹೊರಗಿನ ಗಾಳಿ 25 ಡಿಗ್ರಿ ಇದ್ದು, ಟರ್ಬೊ ಅದನ್ನು ಎರಡು ಪಟ್ಟು ಒತ್ತಿದರೆ, ಶೇ 70ರ ದಕ್ಷತೆಯ ಲೆಕ್ಕದಲ್ಲಿ ಅದು ಸುಮಾರು 118 ಡಿಗ್ರಿಗೆ ಏರುತ್ತದೆ. ಹೊರಗೆ 40 ಡಿಗ್ರಿ ಇದ್ದರೆ ಸುಮಾರು 138. ಇಂಟರ್‌ಕೂಲರ್ ಅದರ ಬಹುಪಾಲು ಬಿಸಿ ಹೀರಿದರೂ ಎಂಜಿನ್ ಸೇರುವ ಗಾಳಿ ಮೊದಲ ಸಂದರ್ಭದಲ್ಲಿ 53 ಡಿಗ್ರಿ ಆಸುಪಾಸು, ಎರಡನೆಯದರಲ್ಲಿ 70ರ ಹತ್ತಿರ. ಈಗ ಟ್ಯೂನಿಂಗ್ ಮಾಡಿಸಿ ಒತ್ತಡವನ್ನು ಎರಡರಿಂದ 2.3 ಪಟ್ಟಿಗೆ ಏರಿಸಿ ನೋಡಿ. ನಲವತ್ತರ ಬಿಸಿಲಲ್ಲಿ ಟರ್ಬೊದಿಂದ ಹೊರಬರುವ ಗಾಳಿ 160 ಡಿಗ್ರಿ ಮುಟ್ಟುತ್ತದೆ. ಇಂಟರ್‌ಕೂಲರ್ ಮಾತ್ರ ಹಳೆಯದೇ, ಅದರ ರೆಕ್ಕೆಗಳ ನಡುವೆ ಸಿರುಗುಪ್ಪದ ಭತ್ತದ ಹೊಟ್ಟು, ಸಂಡೂರು ಕಡೆಯ ಕೆಂಧೂಳು ಕೂತಿದ್ದರೆ ಅದರ ಕೆಲಸ ಇನ್ನೂ ಸೋಲುತ್ತದೆ.

ಗಾಡಿಯ ಬಲ ಅಳೆಯುವ ಡೈನೊ ಯಂತ್ರದ ಚೀಟಿಯನ್ನು ಬೆಂಗಳೂರಿನಿಂದ ಬಳ್ಳಾರಿಗೆ ತಂದವರು ಎಡವುವುದು ಇಲ್ಲಿಯೇ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಬಳ್ಳಾರಿಯ ಸೀಮೆ ಅದರ ಅರ್ಧದಷ್ಟು. ಕೆಳಗಿರುವ ಕಾರಣ ಬಳ್ಳಾರಿಯ ಗಾಳಿಯ ಒತ್ತಡ ಶೇ 6ರಷ್ಟು ಹೆಚ್ಚು. ಬೇಸಿಗೆಯ ಬಿಸಿಯಿಂದ ಅದರ ಸಾಂದ್ರತೆ ಶೇ 5ರಷ್ಟು ಕುಗ್ಗುತ್ತದೆ. ಕೂಡಿ ಕಳೆದರೆ ಎರಡೂ ಊರಿನ ಗಾಳಿಯಲ್ಲಿ ಆಮ್ಲಜನಕ ಹೆಚ್ಚೂಕಡಿಮೆ ಒಂದೇ. ಹಾಗಾಗಿ ಬೆಂಗಳೂರಿನ ಚೀಟಿಯಲ್ಲಿರುವ ಕುದುರೆಗಳು ಇಲ್ಲಿಯೂ ಒಮ್ಮೆ ಸಿಕ್ಕೇ ಸಿಗುತ್ತವೆ, ಗಿರಾಕಿಗೆ ಖುಷಿಯೂ ಆಗುತ್ತದೆ. ಆದರೆ ಡೈನೊ ಅಳೆಯುವುದು ಕೆಲವು ಸೆಕೆಂಡುಗಳ ಓಟವನ್ನು. ಸಿರುಗುಪ್ಪದಿಂದ ಹೊರಟು ಮೇ ತಿಂಗಳ ಮಧ್ಯಾಹ್ನ ಒಂದು ಗಂಟೆ ಲೋಡ್ ಎಳೆಯುವ ಗಾಡಿಯ ಬಿಸಿ ಆ ಚೀಟಿಯಲ್ಲಿ ಇರುವುದಿಲ್ಲ. ಬಲ ಒಂದೇ ಇದ್ದರೂ ಬಾಳಿಕೆ ಒಂದೇ ಅಲ್ಲ.

ಕಂಪನಿ ಉಳಿಸಿಟ್ಟದ್ದು ಯಾಕೆ?

ಇದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದೇ. ‘ಒಂದೇ ಎಂಜಿನ್ನನ್ನು ಕಂಪನಿಯವರೇ ಎರಡು ಪವರ್‌ಗಳಲ್ಲಿ ಮಾರುತ್ತಾರಲ್ಲ, ಕಡಿಮೆ ಬೆಲೆಯದಕ್ಕೆ ಬೇಕೆಂದೇ ಕಡಿವಾಣ ಹಾಕಿರುತ್ತಾರೆ, ನಾವು ಅದನ್ನು ಬಿಚ್ಚಿಕೊಂಡರೆ ತಪ್ಪೇನು?’ ಮಹೀಂದ್ರ ಸ್ಕಾರ್ಪಿಯೊ-ಎನ್ ನೋಡಿದರೆ ಈ ಮಾತಿಗೆ ಆಧಾರ ಇದೆ ಅನ್ನಿಸುತ್ತದೆ. ಅದೇ 2.2 ಲೀಟರ್ ಡೀಸೆಲ್ ಎಂಜಿನ್ ಕೆಳಗಿನ ಮಾದರಿಯಲ್ಲಿ 132 ಪಿಎಸ್, ಮೇಲಿನವುಗಳಲ್ಲಿ 175. ಆದರೆ ಅದೇ ಗಾಡಿಯ ಇನ್ನೊಂದು ಅಂಕಿಯನ್ನೂ ಓದಬೇಕು. 175 ಪಿಎಸ್‌ನ ಎಂಜಿನ್ನಿಗೆ ಮ್ಯಾನ್ಯುವಲ್ ಗೇರ್‌ಬಾಕ್ಸ್ ಜೋಡಿಸಿದರೆ ಟಾರ್ಕ್ 370 ಎನ್‌ಎಂ, ಆಟೊಮ್ಯಾಟಿಕ್ ಜೋಡಿಸಿದರೆ 400. ಎಂಜಿನ್ ಒಂದೇ ಆದರೂ ಮಿತಿ ಬೇರೆ, ಏಕೆಂದರೆ ಆ ಬಲವನ್ನು ಹೊರುವವರು ಬೇರೆ. ಫೋಕ್ಸ್‌ವ್ಯಾಗನ್ ಬಳಗದ ಏಳು ಗೇರಿನ ಒಣ ಕ್ಲಚ್ಚಿನ ಡಿಎಸ್‌ಜಿ ಗೇರ್‌ಬಾಕ್ಸ್ ತಡೆಯುವ ಗರಿಷ್ಠ ಟಾರ್ಕ್ 250 ಎನ್‌ಎಂ. ಅದರ ಜೊತೆ ಭಾರತದಲ್ಲಿ ಮಾರಿದ 1.5 ಲೀಟರ್ ಟಿಡಿಐ ಎಂಜಿನ್ನಿನ ಟಾರ್ಕ್ ಕೂಡ ಸರಿಯಾಗಿ 250. ಅಲ್ಲಿ ಉಳಿಕೆ ಎಂಬುದೇ ಇರಲಿಲ್ಲ. ಆ ಕಾರಿಗೆ ಬಾಕ್ಸ್ ಹಾಕಿಸುವವರು ಎಂಜಿನ್ನಿಗೆ ದುಡ್ಡು ಕೊಟ್ಟು ಗೇರ್‌ಬಾಕ್ಸಿನ ಬಿಲ್ಲು ಬರೆಸಿಕೊಳ್ಳುತ್ತಾರೆ.

ಇದಕ್ಕಿಂತ ಚೆನ್ನಾದ ಪಾಠ ನಮ್ಮ ರಸ್ತೆಗಳಲ್ಲಿ ಇನ್ನೂ ಓಡುತ್ತಿದೆ. ಫಿಯಟ್ ರೂಪಿಸಿದ 1,248 ಸಿಸಿಯ 1.3 ಮಲ್ಟಿಜೆಟ್ ಡೀಸೆಲ್ ಎಂಜಿನ್ ಸ್ವಿಫ್ಟ್, ಡಿಜೈರ್, ಇಂಡಿಕಾ ವಿಸ್ಟಾ, ಪುಂಟೊಗಳಿಗೆಲ್ಲ ಹೃದಯವಾಗಿತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದಾಗ ಮಾರುತಿ ಅದನ್ನು ಕೈಬಿಟ್ಟಿತು. ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಅದಕ್ಕೆ ಇವತ್ತಿಗೂ ಗಿರಾಕಿಗಳಿದ್ದಾರೆ, ಟ್ಯೂನಿಂಗ್ ಬಾಕ್ಸ್ ಮಾರುವವರಿಗೂ ಅದು ಅಚ್ಚುಮೆಚ್ಚು. ಸ್ವಿಫ್ಟ್‌ನಲ್ಲಿ ಅದರ ಶಕ್ತಿ 75 ಪಿಎಸ್, 190 ಎನ್‌ಎಂ. ಎಸ್‌ಎಕ್ಸ್4, ಎರ್ಟಿಗಾದಂಥ ದೊಡ್ಡ ಕಾರಿಗೆ 90 ಪಿಎಸ್ ಬೇಕಾದಾಗ ಕಂಪನಿಯವರು ಏನು ಮಾಡಿದರು? ಬರೀ ಕೋಷ್ಟಕ ತಿದ್ದಿ ಕೈತೊಳೆದುಕೊಳ್ಳಲಿಲ್ಲ. ರೆಕ್ಕೆಗಳ ಕೋನ ಬದಲಿಸಿಕೊಳ್ಳುವ ಬೇರೆಯದೇ ಟರ್ಬೊ ಹಾಕಿದರು. ಅಷ್ಟಾದರೂ ಟಾರ್ಕ್ ಏರಿದ್ದು ಹತ್ತೇ ಎನ್‌ಎಂ. ಆ ಎಂಜಿನ್ನನ್ನು ಹೆತ್ತವರಿಗೇ 15 ಕುದುರೆ ಕೂಡಿಸಲು ಲೋಹ ಬದಲಿಸಬೇಕಾಗಿತ್ತು. ಹಳೆಯ ಟರ್ಬೊ ಇಟ್ಟುಕೊಂಡೇ ಬರೀ ಪೆಟ್ಟಿಗೆಯಿಂದ ಅಷ್ಟೇ ಕುದುರೆ ಕೊಡುತ್ತೇವೆ ಎನ್ನುವವರು ಅದನ್ನು ಎಲ್ಲಿಂದ ತರುತ್ತಾರೆ ಎಂದು ಕೇಳಬೇಡವೇ? ಬಿಸಿಲಿಗೆ, ಧೂಳಿಗೆ, ಕಲಬೆರಕೆ ಇಂಧನಕ್ಕೆ, ತಡವಾದ ಆಯಿಲ್ ಬದಲಿಗೆ ಎಂದು ಕಂಪನಿ ಎತ್ತಿಟ್ಟಿದ್ದ ಗಂಟಿನಿಂದ. ಆ ಗಂಟು ಪೂರ್ತಿ ಸುಳ್ಳಲ್ಲ, ಪೂರ್ತಿ ನಮ್ಮದೂ ಅಲ್ಲ.

‘ಎಷ್ಟೋ ಜನ ಹಾಕಿಸಿದ್ದಾರೆ, ಏನೂ ಆಗಿಲ್ಲ’

ಎರಡನೇ ಆಕ್ಷೇಪ ಅನುಭವದ ಹೆಸರಿನಲ್ಲಿ ಬರುತ್ತದೆ. ಹಾಕಿಸಿಕೊಂಡವರ ಗಾಡಿಗಳು ಓಡುತ್ತಿವೆ ಎಂಬುದು ನಿಜ. ಆದರೆ ಬಿಸಿಯ ಪೆಟ್ಟು ಅಪಘಾತದಂತೆ ಒಂದೇ ದಿನ ಬೀಳುವುದಿಲ್ಲ. ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತಿಗೂ ಮೀರಿ ತಿರುಗುವ ಸಣ್ಣ ಟರ್ಬೊದ ದಂಡ ಕೂತಿರುವುದು ಆಯಿಲಿನ ತೆಳು ಪದರದ ಮೇಲೆ. ಆ ಆಯಿಲ್ ಸುಟ್ಟು ಕರಿಯಾಗಿ ಕಟ್ಟಿಕೊಳ್ಳಲು ತಿಂಗಳುಗಳು ಬೇಕು. ಹೊತ್ತಿಗೆ ಮುಂಚೆ ಕ್ಲಚ್ ಪ್ಲೇಟ್ ಸವೆದರೆ ‘ಟ್ರಾಫಿಕ್‌ನಲ್ಲಿ ಓಡಿಸಿದ್ದು ಜಾಸ್ತಿ’ ಎನ್ನುತ್ತೇವೆ, ಟರ್ಬೊ ಹೋದರೆ ‘ಆ ಕಂಪನಿಯ ಟರ್ಬೊನೇ ಸರಿಯಿಲ್ಲ’ ಎನ್ನುತ್ತೇವೆ. ಅಷ್ಟರಲ್ಲಿ ಗಾಡಿ ಎರಡನೇ ಮಾಲೀಕರ ಕೈ ಸೇರಿರುತ್ತದೆ, ಬಾಕ್ಸ್ ಬಿಚ್ಚಿ ಮಾರಿರುತ್ತಾರೆ. ದೂರು ಬಂದಿಲ್ಲ ಎಂದ ಮಾತ್ರಕ್ಕೆ ಹಾನಿ ಆಗಿಲ್ಲ ಎಂದಾಗದು.

ಮೈಲೇಜ್ ಹೆಚ್ಚುತ್ತದೆ ಎಂಬ ವಾದದಲ್ಲಿ ಒಂದು ಪಾಲು ಸತ್ಯವಿದೆ, ಒಪ್ಪಬೇಕು. ಕೆಳಗಿನ ಸುತ್ತಿನಲ್ಲೇ ಎಳೆತ ಸಿಕ್ಕರೆ ಚಾಲಕ ಬೇಗ ಮೇಲಿನ ಗೇರಿಗೆ ಹೋಗುತ್ತಾನೆ, ಅಷ್ಟರಮಟ್ಟಿಗೆ ಡೀಸೆಲ್ ಉಳಿಯಬಹುದು. ಇಂಜೆಕ್ಷನ್ ಕ್ಷಣವನ್ನು ತುಸು ಮುಂದಕ್ಕೆ ತಂದರೂ ದಕ್ಷತೆ ಹೆಚ್ಚುತ್ತದೆ. ಕಂಪನಿ ಅದನ್ನು ಹಿಂದಕ್ಕೆ ಇಟ್ಟಿರುವುದು ನೈಟ್ರೋಜನ್ ಆಕ್ಸೈಡ್ ಹೊಗೆ ತಗ್ಗಿಸಲು. ಅಂದರೆ ನಮ್ಮ ಜೇಬಿಗೆ ಉಳಿದದ್ದು ಊರಿನ ಉಸಿರಿಗೆ ಖರ್ಚು. ಈ ಖರ್ಚು ಕಣ್ಣಿಗೆ ಕಾಣುವುದಿಲ್ಲ. 2015ರಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದದ್ದು ಕಬ್ಬಿಣದಲ್ಲಿ ಅಲ್ಲ, ತಂತ್ರಾಂಶದಲ್ಲಿ. ಪರೀಕ್ಷೆಯ ಹೊತ್ತಿಗೆ ಸಾಧುವಾಗಿದ್ದು ರಸ್ತೆಗೆ ಬಂದಾಗ ಹೊಗೆ ಕಾರುವಂತೆ ಕೋಷ್ಟಕ ಬರೆಯಲಾಗಿತ್ತು. ಭಾರತದಲ್ಲೇ 3,23,700 ಕಾರುಗಳನ್ನು ವಾಪಸ್ ಕರೆಯುವುದಾಗಿ ಕಂಪನಿ ಹೇಳಿತು. 2019ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ವಿಧಿಸಿತು. ಅಷ್ಟು ದೊಡ್ಡ ಕಂಪನಿಯ ಕೋಷ್ಟಕ ಹಿಡಿಯಲು ಪ್ರಯೋಗಾಲಯಗಳೇ ಬೇಕಾದವು. ಪೆನ್‌ಡ್ರೈವ್‌ನಲ್ಲಿ ಬಂದ ಟ್ಯೂನಿಂಗ್ ಫೈಲನ್ನು ಯಾರು ಓದಿ ನೋಡುತ್ತಾರೆ? ಕಾನೂನು ಮಾತ್ರ ಕಣ್ಣು ಮುಚ್ಚಿಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 182ಎ(4) ಕಲಮಿನಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ವಾರಂಟಿ, ವಿಮೆಯ ಕ್ಲೇಮ್ ಕೈತಪ್ಪುವ ಭಯ ಬೇರೆ. ಬಿಎಸ್-6 ಡೀಸೆಲ್ ಗಾಡಿಯ ಹೊಗೆ ಜಾಲರಿಯನ್ನೇ ಕಿತ್ತು, ಕಂಪ್ಯೂಟರಿಗೆ ‘ಇದೆ’ ಎಂದು ನಂಬಿಸುವ ಕೆಲಸವಂತೂ ಟ್ಯೂನಿಂಗ್ ಎಂಬ ಹೆಸರಿಗೇ ಅರ್ಹವಲ್ಲ.

ಪೆಟ್ರೋಲ್ ಟರ್ಬೊ ಕೊಂಡವರು ‘ಇದೆಲ್ಲ ಡೀಸೆಲ್ ಗೋಳು’ ಎಂದು ನಿಶ್ಚಿಂತರಾಗುವಂತಿಲ್ಲ. ಅಲ್ಲಿ ಬಿಸಿ ಗಾಳಿ ತರುವುದು ನಾಕಿಂಗ್, ಕಿಡಿ ಹೊತ್ತಿಸಿದ ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ತಾನೇ ಸಿಡಿಯುವ ಕಾಟ. ಸೆನ್ಸರ್ ಆ ಸದ್ದು ಕೇಳಿದೊಡನೆ ಕಂಪ್ಯೂಟರ್ ಕಿಡಿಯನ್ನು ತಡ ಮಾಡುತ್ತದೆ. ತಡವಾದ ಕಿಡಿಯಿಂದ ಎಂಜಿನ್ ಉಳಿಯುತ್ತದೆ, ಹೊಗೆ ಇನ್ನಷ್ಟು ಕಾದು ಟರ್ಬೊಗೆ ಹೊರೆಯಾಗುತ್ತದೆ. ಸಣ್ಣ ಟರ್ಬೊ ಎಂಜಿನ್‌ಗಳನ್ನು ಕೆಳಗಿನ ಸುತ್ತಿನಲ್ಲಿ ಹೆಚ್ಚು ದುಡಿಸಿದರೆ ಬರುವ ಅಕಾಲ ಸಿಡಿತ ಎಷ್ಟು ಕಾಡಿತೆಂದರೆ, ಅದಕ್ಕೆಂದೇ 2018ರಲ್ಲಿ ಆಯಿಲ್‌ಗಳಿಗೆ ಎಪಿಐ ಎಸ್‌ಎನ್ ಪ್ಲಸ್ ಎಂಬ ಹೊಸ ದರ್ಜೆ ತರಬೇಕಾಯಿತು. ಟ್ಯೂನಿಂಗ್ ಮಾಡಿಸುವವರು ಹೆಚ್ಚಾಗಿ ಕೇಳುವುದು ಅದೇ ಕೆಳಗಿನ ಸುತ್ತಿನ ಎಳೆತವನ್ನು. ಇದರ ಮೇಲೆ ನಮ್ಮ ಬಂಕುಗಳಲ್ಲಿ ಈಗ ಇ20, ಅಂದರೆ ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್. ಬರೀ ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಇ20ಕ್ಕೆ ಸುಮಾರು 13.5 ಸಾಕು. ಎಥೆನಾಲ್ ನಾಕಿಂಗ್ ತಡೆಯುತ್ತದೆ ಎಂಬುದು ಲಾಭವೇ, ಆದರೆ ಬೇರೆ ದೇಶದ ಪೆಟ್ರೋಲಿಗೆಂದು ಬರೆದ ಫೈಲಿಗೆ ಈ ಲೆಕ್ಕ ಗೊತ್ತಿರುವುದಿಲ್ಲ.

ಗಾಜಿನ ಕೊಳವೆಗಳ ಪಾಠ

ಹಾಗಾದರೆ ಆರಿಸುವುದು ಹೇಗೆ? ಉತ್ತರ ನಮ್ಮ ಹಳೆಯ ಡೀಸೆಲ್ ಪಂಪ್ ರಿಪೇರಿ ಅಂಗಡಿಗಳಲ್ಲೇ ಇದೆ. 1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಕಟ್ಟಿದ ಮೈಕೊ, ಇಂದಿನ ಬಾಷ್, ದೇಶದ ಲಾರಿ ಟ್ರ್ಯಾಕ್ಟರ್‌ಗಳಿಗೆಲ್ಲ ಪಂಪು, ನಾಜಲ್ ಒದಗಿಸಿತು. ‘ಮೈಕೊ ಪಂಪು’ ಎಂಬುದೇ ಒಂದು ಪದವಾಯಿತು. ಆ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಬಿಡುವುದು ಯಾರು ಬೇಕಾದರೂ ಮಾಡಬಹುದಾದ ಕೆಲಸ, ಕರಿಹೊಗೆ ಉಗುಳುವ ಟ್ರ್ಯಾಕ್ಟರುಗಳೇ ಅದಕ್ಕೆ ಸಾಕ್ಷಿ. ಆದರೆ ಕಸುಬು ಬಲ್ಲ ಮೇಸ್ತ್ರಿ ಸ್ಕ್ರೂ ಮುಟ್ಟುವ ಮೊದಲು ಪಂಪನ್ನು ಟೆಸ್ಟ್ ಬೆಂಚಿನ ಮೇಲೆ ಕೂರಿಸುತ್ತಿದ್ದ. ಪ್ರತಿ ನಾಜಲ್‌ನಿಂದ ಬಿದ್ದ ಡೀಸೆಲ್ ಸಾಲಾಗಿ ನಿಲ್ಲಿಸಿದ ಗಾಜಿನ ಕೊಳವೆಗಳಲ್ಲಿ ತುಂಬುತ್ತಿತ್ತು. ಎಲ್ಲ ಕೊಳವೆಗಳ ಗೆರೆ ಒಂದೇ ಮಟ್ಟಕ್ಕೆ ಬಂದ ಮೇಲೆಯೇ ಮುಂದಿನ ಮಾತು. ಇಂದಿನ ಎಂಜಿನ್ನಿಗೆ ಅಂಥ ಗಾಜಿನ ಕೊಳವೆ ಎಂದರೆ ದತ್ತಾಂಶದ ದಾಖಲೆ. ಓಬಿಡಿ ಸಾಕೆಟ್ಟಿಗೆ ಒಳ್ಳೆಯ ಸ್ಕ್ಯಾನರ್ ಜೋಡಿಸಿದರೆ ಒಳಗಾಳಿಯ ಬಿಸಿ, ಟರ್ಬೊ ಒತ್ತಡ, ರೈಲಿನ ಒತ್ತಡ, ಕಿಡಿ ಎಷ್ಟು ಹಿಂದೆ ಸರಿಯಿತು ಎಂಬುದೆಲ್ಲ ದಾಖಲಾಗುತ್ತದೆ. ಟರ್ಬೊ ಮುಂದಿನ ಹೊಗೆಯ ಬಿಸಿಗೆ ಒಂದು ಮೀಟರು, ಪೆಟ್ರೋಲ್ ಕಾರಾದರೆ ಗಾಳಿ-ಇಂಧನದ ಪಾಲು ತೋರಿಸುವ ಇನ್ನೊಂದು ಮೀಟರು ಕೂಡಿಸಿದರೆ ಚಿತ್ರ ಪೂರ್ತಿಯಾಗುತ್ತದೆ. ಟ್ಯೂನಿಂಗ್ ಎಲೆಕ್ಟ್ರಾನಿಕ್ಸ್‌ಗೆಂದು ತೆಗೆದಿಟ್ಟ ದುಡ್ಡಿನ ಮೊದಲ ಪಾಲು ಸಲ್ಲಬೇಕಾದದ್ದು ಇವುಗಳಿಗೆ.

ಬೇಸಿಗೆಯ ಒಂದು ಮಧ್ಯಾಹ್ನ, ಎಂದಿನ ಲೋಡಿನಲ್ಲಿ, ಎಂದಿನ ದಾರಿಯಲ್ಲಿ ಓಡಿಸಿ ದಾಖಲಿಸಿದ ಆ ಅಂಕಿಗಳೇ ಟ್ಯೂನರ್ ಮುಂದೆ ಇಡಬೇಕಾದ ಜಾತಕ. ಎಷ್ಟೋ ಸಲ ಜಾತಕ ನೋಡಿದಾಗ ತಿಳಿಯುವುದು ಬೇರೆಯೇ: ಇಂಟರ್‌ಕೂಲರ್ ಧೂಳು ತಿಂದಿದೆ, ಟರ್ಬೊ ಪೈಪು ಸೀಳಿ ಗಾಳಿ ಸೋರುತ್ತಿದೆ, ಏರ್ ಫಿಲ್ಟರ್ ಕಟ್ಟಿದೆ, ಕಳೆದುಕೊಂಡದ್ದನ್ನು ಮರಳಿ ಪಡೆದರೆ ಸಾಕು, ಹೊಸದೇನೂ ಬೇಕಿಲ್ಲ. ಎಲ್ಲ ಸರಿಯಿದ್ದೂ ಇನ್ನಷ್ಟು ಬೇಕೆಂದರೆ, ಬಿಸಿಯ ಕಡಿತದ ಕೋಷ್ಟಕಗಳನ್ನು ಮುಟ್ಟುವುದಿಲ್ಲ ಎಂದು ಮಾತು ಕೊಡುವ, ಗೇರ್‌ಬಾಕ್ಸಿನ ಮಿತಿ ಎಷ್ಟೆಂದು ಕೇಳಿದರೆ ಅಂಕಿಯಲ್ಲಿ ಉತ್ತರಿಸುವ, ಮೂಲ ಫೈಲನ್ನು ನಿಮ್ಮ ಕೈಗೇ ಕೊಡುವ, ಕೆಲಸ ಮುಗಿದ ಮೇಲೆ ಅದೇ ದಾರಿಯಲ್ಲಿ ಮತ್ತೆ ಅಳೆಯಲು ಒಪ್ಪುವ ಟ್ಯೂನರ್‌ನಿಂದ ಮಿತವಾದ ರೀಮ್ಯಾಪ್, ಅದೂ ಕಾನೂನು ಬಿಟ್ಟಷ್ಟೇ. ಅಂಥವರು ಸಿಗದಿದ್ದರೆ ಗಾಡಿಯನ್ನು ಇದ್ದಂತೆಯೇ ಇಟ್ಟುಕೊಳ್ಳುವುದೂ ಒಂದು ಆಯ್ಕೆಯೇ. ಸೆನ್ಸರಿಗೆ ಸುಳ್ಳು ಹೇಳಿಸುವ ಬಾಕ್ಸ್ ಮಾತ್ರ ಈ ಸೀಮೆಗೆ ಹೇಳಿಸಿದ್ದಲ್ಲ. ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುವ ಕಚೇರಿಯ ಗಡಿಯಾರವನ್ನು ಎರಡು ತಾಸು ಹಿಂದಕ್ಕೆ ತಿರುಗಿಸಿದರೆ ಒಳಗಿನವರು ದುಡಿಯುತ್ತಲೇ ಇರುತ್ತಾರೆ. ಹೊರಗಿನ ಬಿಸಿಲು ಗಡಿಯಾರ ನೋಡಿ ಏರುವುದಿಲ್ಲವಲ್ಲ.